ಜ್ಞಾನದೇವನ ಎಡಗಿವಿಯ ಅತ್ತರು

ಓದುಗ ಮಹಾಶಯರೇ, ನೆರೆಮನೆಯವನ ನಡೆಯಲ್ಲಿ ಏನಾದರೂ ಹೊಸತು ಕಂಡ ದಿನ, ಅದರ ಕಾರಣವನ್ನು ನೀವು ಅವನನ್ನೇ ಕೇಳಿದ್ದುಂಟೇ? ಎದೆ ಮುಟ್ಟಿಕೊಂಡು ಹೇಳಿ. ಇಲ್ಲ. ಅವನೊಬ್ಬನನ್ನು ಬಿಟ್ಟು ಓಣಿಯ ಉಳಿದವರನ್ನೆಲ್ಲ ಕೇಳಿದ್ದೀರಿ. ಅವರಿಗೂ ಗೊತ್ತಿಲ್ಲವೆಂದು ತಿಳಿದಾಗ ನೀವೇ ಒಂದು ಕಾರಣವನ್ನು ಹೆಣೆದು ಅವರಿಗೆ ಒಪ್ಪಿಸಿದ್ದೀರಿ. ನಿಮ್ಮಂಥ ಸಜ್ಜನರಿಂದಲೇ ತುಂಬಿದ ಅಥಣಿ ತಾಲ್ಲೂಕಿನ ಅನಂತಪುರದಲ್ಲಿ, ಪ್ರೌಢಶಾಲೆಯ ಗುಮಾಸ್ತನಾದ ಜ್ಞಾನದೇವನೆಂಬ ನಿರುಪದ್ರವಿ ಮನುಷ್ಯನಿಗೆ ಹೀಗೆಯೇ ಒಂದು ಎರಡನೆಯ ಸಂಸಾರವನ್ನು ಕಟ್ಟಿಕೊಡಲಾಯಿತು. ಆ ಸಂಸಾರ ಎಲ್ಲಿತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಅದು ಅವನ ಎಡಗಿವಿಯೊಳಗಿತ್ತು.

ಜ್ಞಾನದೇವನಿಗೆ ಎಲೆ ಅಡಿಕೆಯ ಚಟವೂ ಇರಲಿಲ್ಲ. ಇದ್ದದ್ದು ಒಂದು ಅಹಂಕಾರ ಮಾತ್ರ: ಐವತ್ತರ ಅಂಚಿಗೆ ಬಂದರೂ ತಾನು ದವಾಖಾನೆಯ ಮೆಟ್ಟಿಲು ಹತ್ತಿದವನಲ್ಲ ಎಂಬುದು. ಯಾರಾದರೂ ಮೊಣಕಾಲು ನೋವೆಂದರೆ, "ನಮ್ಮ ಮನೆತನದಾಗ ರೋಗ ಅನ್ನೂದ ಇಲ್ಲ ನೋಡ್ರಿ" ಎಂದು ಆ ನೋವಿನ ಮೇಲೆ ಉಪ್ಪು ಸುರಿಯುತ್ತಿದ್ದ. ಆದರೆ ಕಿವಿಯ ವಿಷಯದಲ್ಲಿ ಈ ಆರೋಗ್ಯವಂತನ ನಡತೆ ಖಂಡನೀಯವಾಗಿತ್ತು. ಕಿವಿಯನ್ನು ಅವನು ದೇಹದ ಅಂಗವೆಂದು ಎಣಿಸಿರಲೇ ಇಲ್ಲ. ಮೇಜಿನ ಖಾನೆಯೆಂದು ಎಣಿಸಿದ್ದ. ಹತ್ತಿ ಸುತ್ತಿದ ಬೆಂಕಿಕಡ್ಡಿ, ಸೈಕಲ್ಲಿನ ಕೀಲಿ, ಪೆನ್ನಿನ ಟೋಪಿ, ಹೆಂಡತಿ ಸುಂದರಾಳ ತಲೆಪಿನ್ನು, ಹೀಗೆ ಕೈಗೆ ಸಿಕ್ಕಿದ್ದೆಲ್ಲ ಅದರೊಳಗೆ ಹೋಗಿ ಬರುತ್ತಿತ್ತು. ಹಾಜರಿ ಬರೆಯುವಾಗ ಕಡ್ಡಿ, ಸಂಬಳ ಬಂದ ದಿನ ಎರಡು ಕಡ್ಡಿ. ಬೇಸಿಗೆಯಲ್ಲಿ ಬಾವಿಗೆ ಧುಮುಕಿ ಕಿವಿಯಲ್ಲಿ ನೀರು ನಿಂತರೆ, ಗೋಡೆಯಾಚೆಯ ಲಕ್ಷ್ಮಿಬಾಯಿ ಬೆಳ್ಳುಳ್ಳಿ ಕಾಸಿದ ಎಣ್ಣೆಯ ಬಟ್ಟಲನ್ನು ಚಾಚುತ್ತಿದ್ದರು. ಒಂದು ಕಿವಿಯನ್ನು ಕೆಡಿಸಲು ಇಡೀ ಓಣಿ ಸಹಕರಿಸಿತು ಎಂದರೆ ಅತಿಶಯೋಕ್ತಿಯಲ್ಲ.

ಎರಡು ಸಾವಿರದ ಹನ್ನೆರಡರ ಬೇಸಿಗೆಯಲ್ಲಿ ಕಿವಿ ತನ್ನ ಸಿಟ್ಟನ್ನು ತೋರಿಸಿತು. ಮೊದಲು ತುರಿಕೆ, ಬಳಿಕ ತೇವ, ಬಳಿಕ ಕೀವು. ಕೀವಿನ ಹಿಂದೆಯೇ ದುರ್ವಾಸನೆ ಬಂದಿತು. ಕಿವಿಗೆ ಯಾರೋ ಬಿರಡೆ ಹಾಕಿದಂತಾಯಿತು. ಒಳಗೆ ಕುಕ್ಕರು ಸೀಟಿ ಹಾಕುವಂಥ ಒಂದು ಸದ್ದು ನೆಲೆಸಿತು. ಯಾವ ವಿವೇಕಿಯಾದರೂ ಆಗ ವೈದ್ಯರ ಬಳಿಗೆ ಓಡುತ್ತಿದ್ದ. ಜ್ಞಾನದೇವ ಓಡಲಿಲ್ಲ. ಅಹಂಕಾರದ ಜೊತೆಗೆ ಅವನಿಗೆ ಒಂದು ಭಯವೂ ಇತ್ತು, ಮತ್ತು ಆ ಭಯದ ಹೆಸರು ಕಾಂಚನ.

ಕಾಂಚನ ಅವನ ಒಬ್ಬಳೇ ಮಗಳು. ಮುಗಳಖೋಡದ ಸತ್ಯಪ್ಪನವರ ಮಗ ಸುರಜನೊಂದಿಗೆ ಅವಳ ಸಂಬಂಧ ಕೂಡಿಬಂದಿತ್ತು. ಹುಡುಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್; ಹುಡುಗಿಗೂ ಮನಸ್ಸಿಗೆ ಬಂದವನು. ಸಾಖರಪುಡೆಗೆ, ಅಂದರೆ ಸಕ್ಕರೆಯ ಪೊಟ್ಟಣ ಕೊಟ್ಟು ಮಾತು ಗಟ್ಟಿ ಮಾಡುವ ಶಾಸ್ತ್ರಕ್ಕೆ, ದಿನವೂ ಗೊತ್ತಾಗಿತ್ತು. ಇಂಥ ಹೊತ್ತಿನಲ್ಲಿ ಹೆಣ್ಣಿನ ತಂದೆಯ ಕಿವಿ ಸೋರುತ್ತಿದೆಯೆಂದು ಬೀಗರಿಗೆ ತಿಳಿದರೆ? 'ಮನೆತನದ ರೋಗ, ಹುಟ್ಟುವ ಕೂಸಿಗೂ ಬಂದೀತು' ಎನ್ನುವುದಿಲ್ಲವೇ? ಆದ್ದರಿಂದ ಅವನು ಕಿವಿಯನ್ನು ಮುಚ್ಚಿಟ್ಟ. ಮುಚ್ಚಿಡಲು ಆರಿಸಿಕೊಂಡ ವಸ್ತುವೇ ಅನರ್ಥಕ್ಕೆ ಮೂಲವಾಯಿತು.

ನಮ್ಮ ಗಡಿಭಾಗದ ಮದುವೆಗಳಲ್ಲಿ ಬಂದವರ ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸುವ ಪದ್ಧತಿಯುಂಟು. ಜ್ಞಾನದೇವ ಮಿರಜಿನ ದರ್ಗಾದ ಬಳಿಯಿಂದ ಒಂದು ಕುಪ್ಪಿ ಮಲ್ಲಿಗೆ ಅತ್ತರು ತಂದು, ದಿನಾಲೂ ಹತ್ತಿಯಲ್ಲಿ ಅದ್ದಿ, ಮಡಿಕೆಯಲ್ಲಿ ಅಲ್ಲ, ನೇರವಾಗಿ ರಂಧ್ರಕ್ಕೇ ತುರುಕಿಕೊಂಡ. ವಾಸನೆ ಅಡಗಿತು. ಆದರೆ ಲಗ್ನವಿಲ್ಲದ ದಿನ ಕಿವಿಯಲ್ಲಿ ಅತ್ತರು ಇಟ್ಟುಕೊಂಡ ಗಂಡಸಿಗೆ ನಮ್ಮ ಕಡೆ ಒಂದೇ ಅರ್ಥವಿದೆ.

"ಗುಮಾಸ್ತರ, ಯಾರದರಿ ಲಗ್ನ?" ಎಂದು ಮುಖ್ಯೋಪಾಧ್ಯಾಯರು ಮೊದಲ ದಿನ ಕೇಳಿದರು.

"ಯಾರದೂ ಇಲ್ರಿ."

"ಹಂಗಾರ ಯಾರದರ ಆಗೂದ ಐತಿ" ಎಂದು ಅವರು ಮೂಗನ್ನೂ ಬಾಯನ್ನೂ ಒಟ್ಟಿಗೆ ಮುಚ್ಚಿಕೊಂಡು ನಕ್ಕರು.

ಸಂಜೆಯೊಳಗೆ ಸುದ್ದಿ ಗೋಡೆಯಾಚೆ ತಲುಪಿತು. ಲಕ್ಷ್ಮಿಬಾಯಿ ಧರ್ಮಭೀರು ಹೆಂಗಸು; ಸೂರ್ಯ ಮುಳುಗಿದ ಮೇಲೆ ಅನ್ನವನ್ನು ಮುಟ್ಟುತ್ತಿರಲಿಲ್ಲ. ಆದರೆ ಸುದ್ದಿಗೆ ಅಂಥ ಕಟ್ಟಳೆಯಿರಲಿಲ್ಲ.

"ಸುಂದರಾ, ನಾ ಹೇಳಬಾರದು. ಆದ್ರ ಹೇಳದ ಇದ್ರ ನನಗ ಪಾಪ ಹತ್ತತೈತಿ. ನಿನ್ನ ಗಂಡ ಮಲ್ಲಿಗಿ ನಾರಾಕತ್ತಾನಲ್ಲವಾ?"

"ನಾನೂ ನೋಡೇನ್ರಿ. ಕೇಳಿದ್ರ 'ಸುಮ್ನ, ಹೌಸು, ಶೋಕಿ' ಅಂತಾರ."

"ಐವತ್ತ ವರ್ಷದ ಮ್ಯಾಲ ಬರೂ ಹೌಸು ಸುಮ್ನ ಬರೂದಿಲ್ಲ ತಂಗಿ. ನಿನ್ನ ಮಾತ ಕೇಳತಾನೇನು?"

ಸುಂದರಾಳ ಕಣ್ಣು ತುಂಬಿತು. ಅದೇ ಅವಳ ದುಃಖವಾಗಿತ್ತು. ಹೆಂಡತಿ ಎಡಕ್ಕೆ ಎಂಬುದು ಶಾಸ್ತ್ರ. ಆ ಶಾಸ್ತ್ರದಂತೆ ಇಪ್ಪತ್ತೈದು ವರ್ಷ ಎಡಕ್ಕೇ ಕುಳಿತು, ಎಡಕ್ಕೇ ಮಲಗಿ, ಎಡದಿಂದಲೇ ಸಂಸಾರದ ಸುಖದುಃಖ ಹೇಳಿಕೊಂಡು ಬಂದವಳು ಅವಳು. ಈಗ ಎಡದಿಂದ ಏನು ಹೇಳಿದರೂ ಗಂಡ ಗೋಡೆ ನೋಡುತ್ತ ಮುಗುಳ್ನಗುತ್ತಿದ್ದ. ಮೊಬೈಲು ಬಂದರೆ ಅಂಗಳಕ್ಕೆ ಓಡಿ, ಬಲಗಿವಿಗೆ ಒತ್ತಿಕೊಂಡು ಮೂಲೆಯಲ್ಲಿ ನಿಲ್ಲುತ್ತಿದ್ದ. ಒಮ್ಮೆ ಮಧ್ಯಾಹ್ನ ಅಂಗಳದಲ್ಲಿ ತಲೆ ತಿರುಗಿ ತುಳಸಿಕಟ್ಟೆಯನ್ನು ಅಪ್ಪಿಕೊಂಡ. ಲಕ್ಷ್ಮಿಬಾಯಿ ಅದಕ್ಕೆ 'ಕುಡತಾನ' ಎಂದು ತೀರ್ಪಿತ್ತರು. ಕೊನೆಗೊಂದು ಮುಂಜಾನೆ ದಿಂಬಿನ ಮೇಲೆ ಕೆಂಪು ಕಲೆ ಕಂಡಿತು. ಅದು ಕಿವಿಯಿಂದ ಒಸರಿದ ರಕ್ತ. ಸುಂದರಾ ದಿಂಬನ್ನು ಎದೆಗವಚಿಕೊಂಡು ನೇರವಾಗಿ ಗೋಡೆಯ ಬಳಿಗೆ ಹೋದಳು.

"ಲಿಪಸ್ಟಿಕ್" ಎಂದರು ಲಕ್ಷ್ಮಿಬಾಯಿ, ಜನ್ಮದಲ್ಲಿ ಲಿಪ್‌ಸ್ಟಿಕ್ ಮುಟ್ಟದವರು.

ನೋಡಿದಿರಾ? ಒಂದು ರೋಗ ತನ್ನ ಲಕ್ಷಣಗಳನ್ನೆಲ್ಲ ಒಂದೊಂದಾಗಿ ತಂದು ಆ ಮನೆಯ ಹೊಸ್ತಿಲ ಮೇಲಿಟ್ಟಿತು. ಕೀವು, ಕಿವುಡು, ತಲೆಸುತ್ತು, ರಕ್ತ. ಯಾರಿಗೂ ರೋಗ ಕಾಣಲಿಲ್ಲ. ಎಲ್ಲರಿಗೂ ಹೆಂಗಸು ಕಂಡಳು.

ಸುಂದರಾ ತಮ್ಮನಿಗೆ ಫೋನು ಮಾಡಿದಳು. ತಮ್ಮ ಸಂಗ್ರಾಮ ಕೊಗನೊಳ್ಳಿಯವನು. ಹೆದ್ದಾರಿಯ ಮೇಲೆ ಅವನದೊಂದು ಟಯರ್ ಅಂಗಡಿ. ಅಕ್ಕನ ಕಣ್ಣೀರಿಗಿಂತಲೂ, ಯಾರನ್ನಾದರೂ ಹಿಂಬಾಲಿಸುವ ಅವಕಾಶ ಅವನನ್ನು ಹೆಚ್ಚು ಕರಗಿಸಿತು. ಅಂಗಡಿಗೆ ಬೀಗ ಹಾಕಿ ಬಂದ.

ಅತ್ತ ರಕ್ತ ನೋಡಿದ ಜ್ಞಾನದೇವನಿಗೆ ಕೊನೆಗೂ ಜೀವಭಯ ಹುಟ್ಟಿತ್ತು. ಗುರುವಾರ 'ಶಾಲೆಯ ಕೆಲಸ' ಎಂದು ಸುಳ್ಳು ಹೇಳಿ ಕಾಗವಾಡದ ಮೇಲೆ ಹಾದು ಮಿರಜಿಗೆ ಹೋದ. ಹಿಂದಿನ ಸೀಟಿನಲ್ಲಿ ಸಂಗ್ರಾಮ, ಬಿಸಿಲಿನಲ್ಲೂ ತಲೆಗೆ ಮಫ್ಲರ್ ಸುತ್ತಿಕೊಂಡು ಕುಳಿತಿದ್ದ.

ಕಿವಿ ವೈದ್ಯರ ಕೋಣೆ ಮೊದಲ ಮಹಡಿಯಲ್ಲಿತ್ತು. ವೈದ್ಯೆ ನಡುವಯಸ್ಸಿನವರು, ಮರಾಠಿ ಬೆರೆತ ಕನ್ನಡದಲ್ಲಿ ಗದರುವುದು ಅವರ ರೂಢಿ. ಹತ್ತಿಯನ್ನು ಚಿಮಟದಿಂದ ಹೊರಗೆಳೆದು ಮೂಗು ಸಿಂಡರಿಸಿದರು.

"ಇದೇನು ಕಾಕಾ? ಅತ್ತರ?"

"ವಾಸನಿ ಬರಬಾರದಂತ ಇಟಗೊಂಡೀನ್ರಿ."

"ಕೊಳತ ಹಣ್ಣಿಗೆ ಅತ್ತರ ಹಚ್ಚಿದ್ರ ಹಣ್ಣು ಛಲೋ ಆಕ್ಕೈತೇನ್ರಿ? ಉಲಟಾ, ಈ ಅತ್ತರ ಒಳಗಿನ ಚರ್ಮಾ ಇನ್ನೂ ಸುಟ್ಟೈತಿ."

ಅವರು ಒಳಗೆ ಇಣುಕುತ್ತಿರುವಾಗಲೇ ಲೋಡ್‌ಶೆಡ್ಡಿಂಗ್ ಆಯಿತು. ಫ್ಯಾನು, ದೀಪ, ಯಂತ್ರ ಎಲ್ಲ ನಿಂತವು. ಸೆಕೆಗೆ ಬಿಳಿ ಕೋಟನ್ನು ಕುರ್ಚಿಯ ಮೇಲೆ ಎಸೆದ ವೈದ್ಯೆ, "ಬರ್ರಿ, ಗ್ಯಾಲರಿ ಒಳಗ ಉಜೇಡ ಐತಿ" ಎಂದು ರೋಗಿಯನ್ನು ಹೊರಗೆ ಕರೆತಂದು, ಗದ್ದ ಹಿಡಿದು, ಕಿವಿ ಎಳೆದು, ಮುಖವನ್ನು ಸೂರ್ಯನತ್ತ ವಾಲಿಸಿ ನೋಡತೊಡಗಿದರು.

ಕೆಳಗೆ ಓಣಿಯಲ್ಲಿ ವಡಾಪಾವು ತಿನ್ನುತ್ತಿದ್ದ ಸಂಗ್ರಾಮನ ಬಾಯಿ ತೆರೆದೇ ಉಳಿಯಿತು. ಚೆಂದದ ಇಳಕಲ್ ಸೀರೆಯುಟ್ಟ ಹೆಂಗಸೊಬ್ಬಳು ಹಾಡಹಗಲಲ್ಲಿ ತನ್ನ ಭಾವನ ಗದ್ದ ಹಿಡಿದು ನಿಂತಿದ್ದಳು! ಭಾವ ಒಳಹೊಕ್ಕದ್ದು ಓಣಿಯ ಕಡೆಯ ಬಾಗಿಲಿನಿಂದ; ಆಸ್ಪತ್ರೆಯ ಫಲಕ ಮುಂದಿನ ಮುಖ್ಯರಸ್ತೆಯ ಕಡೆಗಿತ್ತು. ಮೂಲೆ ತಿರುಗಿ ನೋಡಿದ್ದರೆ ಕಾಣುತ್ತಿತ್ತು. ಆದರೆ ಇನ್ನೊಬ್ಬರ ಅಪವಾದದ ಸುದ್ದಿ ಹೊತ್ತವನಿಗೆ ಮನೆಯ ಕಡೆಗೆ ಎಷ್ಟು ದೂರ ಬೇಕಾದರೂ ಓಡಲು ಬರುತ್ತದೆ, ಸತ್ಯದ ಕಡೆಗೆ ಮೂಲೆ ತಿರುಗಲು ಮಾತ್ರ ಬರುವುದಿಲ್ಲ.

ಮೇಲೆ ವೈದ್ಯೆ ಹೇಳುತ್ತಿದ್ದರು: "ಕಿವಿ ನಾಳದಾಗ ಮಾಂಸದ ಗಡ್ಡಿ ಬೆಳದೈತಿ ಕಾಕಾ. ಪಾಲಿಪ್ ಅಂತಾರ. ದಿನಾ ಕೆರದು ಕೆರದು ಒಳಗ ಗಾಯ ಮಾಡೀರಿ, ಬಾವಿ ನೀರು ಬಿಟ್ಟೀರಿ, ಎಣ್ಣಿ ಸುರದೀರಿ. ಕೀವು ಹಳೇದಾಗಿ ಮಾಂಸ ಬೆಳಸೈತಿ. ಮೊದಲ ಸ್ಕ್ಯಾನ್ ಮಾಡೂಣು, ಎಲುಬಿನ ತನಕ ಹೋಗೈತೇನು ನೋಡೂಣು. ಆಮ್ಯಾಲ ತಗದು ತಪಾಸಣಿಗೆ ಕಳಸೂಣು. ಲಗೂ ಮಾಡ್ರಿ. ತಡಾ ಮಾಡಿದ್ರ ಕಿವಿ ಹೋಗತೈತಿ."

"ವಂಶದಾಗ ಬರೂ ರೋಗೇನ್ರಿ ಇದು? ಮಗಳ ಲಗ್ನ ಐತ್ರಿ."

"ಬೆಂಕಿಕಡ್ಡಿ ವಂಶದಾಗ ಬರತಾವೇನ್ರಿ?"

ಇಷ್ಟು ಕೇಳಿದ ಮೇಲೂ ಆ ಮೂಢ ಏನು ಮಾಡಿದ ಗೊತ್ತೇ? ವೈದ್ಯರಿಗೆ ಗೊತ್ತಿದ್ದರೇನಾಯಿತು, ಬೀಗರಿಗೆ ಗೊತ್ತಿರಬೇಕಲ್ಲ ಎಂದುಕೊಂಡು, ಸ್ಕ್ಯಾನನ್ನೂ ಶಸ್ತ್ರಕ್ರಿಯೆಯನ್ನೂ ಸಾಖರಪುಡೆ ಮುಗಿಯುವವರೆಗೆ ಮುಂದೂಡಿ, ಕಿವಿಗೆ ಹಾಕುವ ಔಷಧದ ಸೀಸೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು, ದರ್ಗಾದ ಬಳಿ ಮತ್ತೊಂದು ಕುಪ್ಪಿ ಅತ್ತರು ಕೊಂಡು ಮನೆಗೆ ಬಂದ.

ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಬಂದದ್ದು ಅಲ್ಲಿಯೇ ನಿಲ್ಲಲೂ ಇಲ್ಲ. ಅನಂತಪುರ ಬಿಡುವಾಗ ಆ ಸುದ್ದಿಯಲ್ಲಿ ಬರಿಯ ಒಬ್ಬ ಹೆಂಗಸು ಇದ್ದಳು. ಅಥಣಿಯ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ಸ್ವಂತ ಮನೆಯಾಯಿತು. ಹಾರೂಗೇರಿಯಲ್ಲಿ ಗಂಡುಮಗು ಹುಟ್ಟಿತು. ಮುಗಳಖೋಡ ತಲುಪುವಷ್ಟರಲ್ಲಿ ಆ ಮಗು ಇಂಗ್ಲಿಷ್ ಶಾಲೆಗೆ ಹೋಗುತ್ತಿತ್ತು.

ಸಾಖರಪುಡೆಯ ದಿನ ಮುಗಳಖೋಡದವರು ಕ್ರೂಸರ್ ಗಾಡಿಯಲ್ಲಿ ಬಂದಿಳಿದರು. ಸುರಜನ ತಂದೆ ಸತ್ಯಪ್ಪ, ಅಜ್ಜಿ ಅಕ್ಕುತಾಯಿ, ಇನ್ನೊಂದಿಷ್ಟು ಮಂದಿ ಹಿರಿಯರು. ಸಕ್ಕರೆಯ ಪೊಟ್ಟಣ ಅಕ್ಕುತಾಯಿಯ ಮಡಿಲಲ್ಲಿತ್ತು. ಮುದುಕಿ ಅದನ್ನು ಕೆಳಗಿಡಲಿಲ್ಲ. ಜಮಖಾನೆಯ ಮೇಲೆ ಕುಳಿತ ಯಾರೂ ಚಹಾ ಮುಟ್ಟಲಿಲ್ಲ. ಕಾಂಚನ ಹೊಸ ಸೀರೆಯುಟ್ಟು ಬಾಗಿಲ ಮರೆಯಲ್ಲಿ ನಿಂತು ಆ ಪೊಟ್ಟಣವನ್ನೇ ನೋಡುತ್ತಿದ್ದಳು.

ಸತ್ಯಪ್ಪ ಜ್ಞಾನದೇವನ ಪಕ್ಕಕ್ಕೆ ಸರಿದು ಕುಳಿತ. ದುರ್ದೈವಕ್ಕೆ ಎಡಪಕ್ಕಕ್ಕೆ.

"ಬೀಗರ, ಸಿಟ್ಟ ಮಾಡ್ಕೋಬ್ಯಾಡ್ರಿ, ಒಂದ ಮಾತ ಕೇಳತೀನಿ. ಮಿರಜಾಗಿನ ಮನಿಗೂ ಸಕ್ಕರಿ ಕಳಸೂದ ಐತೇನ್ರಿ?"

ಜ್ಞಾನದೇವನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಬೀಗರ ತುಟಿ ಅಲುಗಿದ್ದು ಕಂಡಿತು. ತಿಂಗಳುಗಳಿಂದ ರೂಢಿಯಾದ ಮುಗುಳ್ನಗೆಯನ್ನು ಬೀರಿ, ತಲೆಯಾಡಿಸಿ, "ಹೌದ್ರಿ, ಹೌದ್ರಿ. ಎಲ್ಲಾ ನಿಮ್ಮ ಆಶೀರ್ವಾದ" ಎಂದ.

ಮರುಕ್ಷಣ ಸುಂದರಾ ಕಿರುಚಿದಳು.

"ಕೇಳಿದ್ರೆಲ್ಲೋ! ಬಾಯಿಬಿಟ್ಟ ಒಪ್ಪಿಕೊಂಡ್ರು! ಅತ್ತರ ಬ್ಯಾರೆ, ದಿಂಬಿಗೆ ಲಿಪಸ್ಟಿಕ ಬ್ಯಾರೆ! ಇಪ್ಪತ್ತೈದ ವರ್ಷ ಇವರ ಎಡಕ್ಕ ಕುಂತು ಸವದ ಹೋದ್ನೆಲ್ಲವ್ವಾ!"

"ನಾ ಕಣ್ಣಾರೆ ನೋಡೀನ್ರಿ" ಎಂದು ಸಂಗ್ರಾಮ ಎದ್ದು ನಿಂತ. "ನಮ್ಮ ಭಾವಾನ ಗದ್ದಾ ಹಿಡದಿದ್ಲು. ಹಿಂಗ!" ಎಂದು ಪಕ್ಕದಲ್ಲಿ ಕುಳಿತಿದ್ದ ಮುಗಳಖೋಡದ ಹಿರಿಯರೊಬ್ಬರ ಗದ್ದ ಹಿಡಿದು ಸೂರ್ಯನ ಕಡೆಗೆ ತಿರುಗಿಸಿ ತೋರಿಸಿದ. ಆ ಹಿರಿಯರು ಗಾಬರಿಯಾಗಿ ರುಮಾಲು ಸರಿಪಡಿಸಿಕೊಂಡರು.

"ಏಳಪಾ ಸತ್ಯಾ, ಗಾಡಿ ಚಾಲೂ ಮಾಡಸು" ಎಂದು ಅಕ್ಕುತಾಯಿ ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಏಳತೊಡಗಿದಳು.

ಆಗ ಕಾಂಚನ ಬಾಗಿಲ ಮರೆಯಿಂದ ಹೊರಬಂದಳು. ತಂದೆಯ ಬಲಕ್ಕೆ ಕುಳಿತು ತಡೆದು ತಡೆದು ಹೇಳಿದಳು.

"ಅಪ್ಪಾ, ಮಿರಜಾಗ ನಿನಗ ಇನ್ನೊಬ್ಬಾಕಿ ಅದಾಳ ಅಂತ. ಅವರೆಲ್ಲಾ ಎದ್ದು ಹೊಂಟಾರ. ಖರೇ ಏನಪಾ?"

ಜ್ಞಾನದೇವನಿಗೆ ಆಗ ಎಲ್ಲವೂ ತಿಳಿಯಿತು. ಅವನ ಮುಂದೆ ಎರಡು ಅವಮಾನಗಳು ನಿಂತಿದ್ದವು. ನಾಚಿಕೆಯಿಂದ ಬರೆಯುತ್ತಿದ್ದೇನೆ: ಒಂದು ಗಳಿಗೆ ಅವನು ಅವೆರಡನ್ನೂ ತೂಗಿ ನೋಡಿದ. ಎರಡನೆಯ ಸಂಸಾರವೆಂದರೆ ಜನ ಬೈಯುತ್ತಾರೆ, ಬೈಯುತ್ತಲೇ ಮೀಸೆಯಲ್ಲಿ ನಗುತ್ತಾರೆ. ಸೋರುವ ಕಿವಿಯೆಂದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಇಂಥ ಲೆಕ್ಕ ಹಾಕುವ ಸಮಾಜವನ್ನು ನಾವು ಕಟ್ಟಿದ್ದೇವಲ್ಲ, ನಮಗೆ ಧಿಕ್ಕಾರವಿರಲಿ! ಆದರೆ ಮಗಳ ಕಣ್ಣಿನಿಂದ ಒಂದು ಹನಿ ಹೊಸ ಸೀರೆಯ ಮೇಲೆ ಬಿದ್ದಿತು. ತಕ್ಕಡಿ ಅಲ್ಲಿಗೆ ಮುರಿಯಿತು.

ಅವನು ಎದ್ದು ನಿಂತು, ಎಡಗಿವಿಗೆ ಕೈ ಹಾಕಿ, ಅತ್ತರಿನ ಹತ್ತಿಯನ್ನು ಹೊರಗೆಳೆದು ಹತ್ತು ಮಂದಿಯ ನಡುವೆ ಎತ್ತಿ ಹಿಡಿದ.

"ಯಾವಾಕಿನೂ ಇಲ್ಲ! ನನ್ನ ಕಿವಿ ಕೊಳತೈತಿ! ಒಳಗ ಮಾಂಸದ ಗಡ್ಡಿ ಬೆಳದೈತಿ, ಕೀವು ಸೋರಾಕತ್ತೈತಿ, ಈ ಕಿವೀಲೆ ಏನೂ ಕೇಳಸಂಗಿಲ್ಲ! ಗದ್ದಾ ಹಿಡದಾಕಿ ಡಾಕ್ಟರ! ದಿಂಬಿನ ಮ್ಯಾಲಿಂದು ರಕ್ತ! ನಂಬಿಕಿ ಇಲ್ಲಂದ್ರ ಬಂದು ಮೂಸಿ ನೋಡ್ರಿ!"

ಮೂಸುವ ಅಗತ್ಯ ಯಾರಿಗೂ ಬೀಳಲಿಲ್ಲ. ಸಾಕ್ಷ್ಯ ತಾನಾಗಿಯೇ ನಡುಮನೆಯ ಮೂಲೆ ಮೂಲೆಗೆ ತಲುಪಿತು. ಮೂಗುಗಳು ಒಂದೊಂದಾಗಿ ಸೆರಗಿನ, ರುಮಾಲಿನ ಹಿಂದೆ ಅಡಗಿದವು.

ಮೊದಲು ಬಾಯಿ ಬಂದದ್ದು ಸುಂದರಾಳಿಗೆ. "ಕಿವಿ ಕೊಳತೈತಿ?" ಎಂದು ಪಿಸುಗುಟ್ಟಿದಳು. ಬಳಿಕ ಮುಖವರಳಿಸಿ, "ಬರೇ ಕಿವಿ ಕೊಳತೈತಿ!" ಎಂದು ಕೂಗಿ, ಅಂಗಳಕ್ಕೆ ಓಡಿ, ಗೋಡೆಯಾಚೆಗೆ ಕೇಳುವಂತೆ ಸಾರಿದಳು: "ಲಕ್ಷ್ಮಿಬಾಯಿ ಅಕ್ಕಾ! ನನ್ನ ಗಂಡಂದು ಕಿವಿ ಕೊಳತೈತ್ರಿ! ಹೆಂಗಸು ಇಲ್ರಿ, ಗಡ್ಡಿ ಐತ್ರಿ! ದೇವರು ದೊಡ್ಡಾಂವ!" ಗಂಡನ ರೋಗಕ್ಕೆ ಇಷ್ಟು ಹಿಗ್ಗಿದ ಪತಿವ್ರತೆ ಅನಂತಪುರದ ಇತಿಹಾಸದಲ್ಲಿ ಮತ್ತೊಬ್ಬಳಿಲ್ಲ.

"ಆದ್ರ ಆಕಿ ಬಿಳೇ ಕೋಟ ಹಾಕ್ಕೊಂಡಿರಲಿಲ್ಲಲ್ಲ..." ಎಂದು ಸಂಗ್ರಾಮ ಗೊಣಗಿದ. ಮುಗಳಖೋಡದ ಹಿರಿಯರು ತಮ್ಮ ಗದ್ದ ನೀವಿಕೊಳ್ಳುತ್ತ ಅವನನ್ನು ನೋಡಿದ ನೋಟಕ್ಕೆ ಅವನು ತಟ್ಟನೆ ಕೆಳಗೆ ಕುಳಿತ.

ಸತ್ಯಪ್ಪ ಗಂಟಲು ಸರಿಪಡಿಸಿಕೊಂಡು, ಈ ಸಲ ಬಲಕ್ಕೆ ಬಂದು ಕೇಳಿದ: "ಅದು ಮನೆತನದಾಗ ಬರೂದೇನ್ರಿ?"

"ಇಲ್ರಿ. ಕಡ್ಡಿ ಹಾಕೂದ್ರಿಂದ ಬರತೈತಿ, ಕೀಲಿ ಹಾಕೂದ್ರಿಂದ, ಪಿನ್ ಹಾಕೂದ್ರಿಂದ. ಬಾವಿ ನೀರು ನಿಂತು, ಎಣ್ಣಿ ಸುರದು, ಕೀವು ಹಳೇದಾಗಿ ಬರತೈತಿ. ಡಾಕ್ಟರ ಹೇಳ್ಯಾರ."

ಜಮಖಾನೆಯ ಮೇಲೆ ಒಂದು ವಿಚಿತ್ರ ಚಲನೆ ಕಾಣಿಸಿತು. ಸತ್ಯಪ್ಪ ಈ ಉತ್ತರವನ್ನು ಕೇಳುತ್ತಿದ್ದದ್ದೇ ಮೋಟರ್‌ಸೈಕಲ್ಲಿನ ಕೀಲಿಯನ್ನು ಕಿವಿಯಲ್ಲಿ ತಿರುಗಿಸುತ್ತ. ಸಂಗ್ರಾಮನ ಕಿವಿಯ ಮೇಲೊಂದು ಬೆಂಕಿಕಡ್ಡಿ ಸಿಕ್ಕಿಕೊಂಡಿತ್ತು. ಕೈಗಳೆಲ್ಲ ಮೆಲ್ಲಗೆ ಮಡಿಲಿಗಿಳಿದವು.

"ಸತ್ಯಾ, ಕೀಲಿ ಕೆಳಗ ಇಡು" ಎಂದಳು ಅಕ್ಕುತಾಯಿ. ಬಳಿಕ ತಾನೂ ಕೆಳಗೆ ಕುಳಿತು, ಮುಖದ ಸೆರಗನ್ನು ಸರಿಸಿ, ಬಲಗಿವಿಯಿಂದ ಒಂದು ಹತ್ತಿಯ ಉಂಡೆಯನ್ನು ಹೊರತೆಗೆದಳು. "ನಂದೂ ಭಾಳ ವರ್ಷದಿಂದ ಸೋರತೈತಿ. ಸೊಸಿ ಬಂದಾಗ ಹೇಳಲಿಲ್ಲ, ಮೊಮ್ಮಕ್ಕಳು ಬಂದಾಗ ಹೇಳಲಿಲ್ಲ. ಮಂದಿ ಏನಂದಾರು ಅಂತ ಸೆರಗ ಮುಚ್ಚಿಕೊಂಡ ಕುಂತೆ. ಈ ಗಂಡಸು ಹತ್ತ ಮಂದ್ಯಾಗ ನಿಂತು ಹೇಳಿದ ನೋಡು. ತನ್ನ ಕೀವು ಮುಚ್ಚಿಡದಾಂವ ನಮಗ ಏನ ಮುಚ್ಚಿಟ್ಟಾನು? ಬಾ ಮಗಳ, ಉಡಿ ಒಡ್ಡು."

ಸಕ್ಕರೆಯ ಪೊಟ್ಟಣ ಕಾಂಚನಳ ಉಡಿಗೆ ಬಿದ್ದಿತು.

ಮಿರಜಿನ ವೈದ್ಯೆ ಆ ಮುಂದಿನ ಗುರುವಾರವನ್ನು ಮರೆತಿರಲಾರರು. ಕ್ರೂಸರ್ ಗಾಡಿಯಿಂದ ಎರಡೂ ಕಡೆಯ ಬೀಗರು ಇಳಿದರು; ಸಂಗ್ರಾಮ ಫಲಕದ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಓದಿ ಒಳಗೆ ಬಂದ. ಸ್ಕ್ಯಾನಿನಲ್ಲಿ ಎಲುಬು ಕೆಟ್ಟಿರಲಿಲ್ಲ. ಅಕ್ಕುತಾಯಿಯ ಕಿವಿಗೆ ಔಷಧವೇ ಸಾಕೆಂದರು. ಜ್ಞಾನದೇವನ ಗಡ್ಡೆಯನ್ನು ಶಸ್ತ್ರಕ್ರಿಯೆ ಮಾಡಿ ತೆಗೆದರು. ಅದರ ಬುಡದಲ್ಲಿ ಎಂದೋ ಮುರಿದುಳಿದ, ಹತ್ತಿ ಸುತ್ತಿದ ಬೆಂಕಿಕಡ್ಡಿಯ ತುದಿ ಸಿಕ್ಕಿತು. ವೈದ್ಯೆ ಅದನ್ನು ತಟ್ಟೆಯಲ್ಲಿಟ್ಟು ಬಂದವರಿಗೆಲ್ಲ ದರ್ಶನ ಮಾಡಿಸಿದರು. ತಪಾಸಣೆಯ ವರದಿಯಲ್ಲಿ ಕೆಟ್ಟದ್ದೇನೂ ಬರಲಿಲ್ಲ. ಕಿವಿಯೊಳಗಿನ ಪಟ್ಟಿ ಬಿಚ್ಚಿದ ದಿನ ಓಣಿಯಲ್ಲಿ ಜನರೇಟರು ಕಿವಿ ಹರಿಯುವಂತೆ ಬಡಿದುಕೊಳ್ಳುತ್ತಿತ್ತು. ಜ್ಞಾನದೇವ ಕಣ್ಣು ಮುಚ್ಚಿ, ಸಂಗೀತ ಕೇಳುವವನಂತೆ ತಲೆದೂಗಿದ. "ಆಹಾ, ಏನ ಛಲೋ ಸಪ್ಪಳ್ರಿ!"

ಕಾಂಚನಳ ಮದುವೆ ಮುಗಳಖೋಡದಲ್ಲಿ ಜಬರ್ದಸ್ತಾಗಿ ನಡೆಯಿತು. ಅಕ್ಷತೆ ಬಿದ್ದ ಮೇಲೆ ಹೆಣ್ಣಿನ ತಂದೆ ಮೈಕು ಹಿಡಿದ. ಎಲ್ಲರೂ ಊಟಕ್ಕೆ ಏಳಿರೆಂದು ಹೇಳುತ್ತಾನೆ ಎಂದುಕೊಂಡಿದ್ದರು. ಅವನು ತನ್ನ ಕಿವಿಯ ಚರಿತ್ರೆಯನ್ನು ಆದಿಯಿಂದ ಅಂತ್ಯದವರೆಗೆ, ತುರಿಕೆಯಿಂದ ಗಡ್ಡೆಯವರೆಗೆ, ಒಂದು ಲಕ್ಷಣವನ್ನೂ ಬಿಡದೆ ಹೇಳಿದ. ಸತ್ಯಪ್ಪ ಪಕ್ಕದಲ್ಲಿ ನಿಂತು 'ಖರೇ ಐತಿ' ಎನ್ನುತ್ತಿದ್ದ. ಹಂದರದಲ್ಲಿ ಯಾರೂ ಎದ್ದುಹೋಗಲಿಲ್ಲ, ಯಾರೂ ಮೂಗು ಮುಚ್ಚಲಿಲ್ಲ. ಊಟದ ಪಂಕ್ತಿಯಲ್ಲಿ ನಾಲ್ಕು ಮಂದಿ ಅವನ ಬಳಿಗೆ ಬಂದು, ಆಚೀಚೆ ನೋಡಿ, ದನಿ ತಗ್ಗಿಸಿ, "ಮಿರಜಿನ ಆ ಡಾಕ್ಟರ ನಂಬರ ಕೊಡ್ರಿ" ಎಂದರು. ಅವನು ದನಿ ತಗ್ಗಿಸಲಿಲ್ಲ, ಮೈಕಿನಲ್ಲಿಯೇ ಕೊಟ್ಟ.

ನಿಮ್ಮ ಮನೆಯಲ್ಲಿಯೂ ಒಂದೇ ಬದಿಯಿಂದ ಕೇಳುವವರು, ಕರೆದರೆ ಬರಿದೆ ಮುಗುಳ್ನಗುವವರು, ಮುಂಜಾನೆ ದಿಂಬನ್ನು ಮಗುಚಿ ಇಡುವವರು ಒಬ್ಬರಿರಬಹುದು. ಅವರ ಎದುರಿಗೆ ನನ್ನ ನೀತಿಬೋಧೆಯನ್ನು ಓದಬೇಡಿ. ಬೆಳ್ಳುಳ್ಳಿ ಎಣ್ಣೆಯನ್ನಂತೂ ಕಾಸಲೇಬೇಡಿ. ನಾಳೆಯ ಮೊದಲ ಬಸ್ಸಿಗೆ ಅವರನ್ನು ಹತ್ತಿಸಿ, ಪಕ್ಕದ ಸೀಟಿನಲ್ಲಿ ನೀವೂ ಕುಳಿತುಕೊಳ್ಳಿ.